ಸಂತ ಜೋಸೆಫ್ ವಾಜ್

ಸಂತ ಜೋಸೆಫ್ ವಾಜ್ (21 ಏಪ್ರಿಲ್ 1651 – 16 ಜನವರಿ 1711) ಗೋವಾದಲ್ಲಿ ಜನಿಸಿ, ಕನ್ನಡ ಕರಾವಳಿಯಲ್ಲಿಯೂ ಶ್ರೀಲಂಕಾದಲ್ಲಿಯೂ ಸೇವೆ ಸಲ್ಲಿಸಿದ ಕಥೋಲಿಕ ಕ್ರೈಸ್ತ ಗುರುಗಳು. ಅವರ ಮಾತೃಭಾಷೆ ಕೊಂಕಣಿ. 1681ರಿಂದ 1684ರವರೆಗೆ ಅವರು ಅಂದು ಕೆನರಾ ಎಂದು ಕರೆಯಲ್ಪಡುತ್ತಿದ್ದ ಕರಾವಳಿ ಪ್ರದೇಶದ ಧರ್ಮಸೇವೆಯ ಮುಖ್ಯಸ್ಥರಾಗಿದ್ದರು. ಡಚ್ಚರ ಆಳ್ವಿಕೆಯಲ್ಲಿ ಗುರುಗಳೇ ಇಲ್ಲದಂತಾಗಿದ್ದ ಶ್ರೀಲಂಕಾದ ಕಥೋಲಿಕ ಸಮುದಾಯವನ್ನು ಮರಳಿ ಸಂಘಟಿಸಿದ ಕಾರಣ ಅವರನ್ನು ಶ್ರೀಲಂಕಾದ ಅಪೊಸ್ತಲರೆಂದು ಕರೆಯಲಾಗುತ್ತದೆ. 14 ಜನವರಿ 2015ರಂದು ಕೊಲಂಬೊ ನಗರದಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ದೇವರು ಮನುಷ್ಯನಾಗಿ ಬಂದು ಲೋಕವನ್ನು ರಕ್ಷಿಸಿದನೆಂಬ ನಂಬಿಕೆಯು ಕ್ರೈಸ್ತ ಧರ್ಮದ ತಿರುಳು. ಈ ನಂಬಿಕೆಯನ್ನು ವಾಜ್ ಅವರು ಗ್ರಂಥಗಳಲ್ಲಿ ಪ್ರತಿಪಾದಿಸುವುದಕ್ಕಿಂತ ಹೆಚ್ಚಾಗಿ ನಡೆಯಲ್ಲಿ ತೋರಿಸಿದರು. ಬರಿಗಾಲಿನ ಪ್ರಯಾಣ, ರೋಗಿಗಳ ಆರೈಕೆ ಮತ್ತು ಗುರುಗಳಿಲ್ಲದ ಊರುಗಳ ಹುಡುಕಾಟ ಇವು ಅವರ ಬದುಕಿನ ಮುಖ್ಯ ಲಕ್ಷಣಗಳಾಗಿದ್ದವು.

ಜನನ ಮತ್ತು ಬಾಲ್ಯ

ಜೋಸೆಫ್ ವಾಜ್ ಅವರು ದಕ್ಷಿಣ ಗೋವಾದ ಬಾಣಾವಲಿ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್, ತಾಯಿ ಮರಿಯಾ ದೆ ಮಿರಾಂದಾ. ಆರು ಮಂದಿ ಮಕ್ಕಳಲ್ಲಿ ಜೋಸೆಫರು ಮೂರನೆಯವರು. ಜನಿಸಿದ ಎಂಟನೆಯ ದಿನ ಬಾಣಾವಲಿಯ ಸ್ನಾನಿಕ ಯೊವಾನ್ನರ ಇಗರ್ಜಿಯಲ್ಲಿ ಅವರಿಗೆ ಜ್ಞಾನಸ್ನಾನವಾಯಿತು. ತಂದೆಯ ಊರು ಝುವಾರಿ ನದಿಯ ಸಮೀಪದ ಸಾಂಕವಾಳ. ಕುಟುಂಬವು ಕ್ರೈಸ್ತ ಧರ್ಮವನ್ನು ಸ್ವೀಕರಿಸಿದ್ದ ಗೌಡ ಸಾರಸ್ವತ ಮೂಲದ್ದು.

ಬಾಲಕ ಜೋಸೆಫರು ಸಾಂಕವಾಳದ ಶಾಲೆಯಲ್ಲಿ ಪೋರ್ಚುಗೀಸ್ ಭಾಷೆಯನ್ನೂ ಬಾಣಾವಲಿಯಲ್ಲಿ ಲ್ಯಾಟಿನ್ ಭಾಷೆಯನ್ನೂ ಕಲಿತರು. ಮನೆಯಲ್ಲಿಯೂ ಊರಿನಲ್ಲಿಯೂ ಆಡುತ್ತಿದ್ದುದು ಕೊಂಕಣಿ. ಆಳುವವರ ಭಾಷೆ, ಧರ್ಮಸಭೆಯ ಭಾಷೆ ಮತ್ತು ಜನರ ಭಾಷೆ ಎಂಬ ಈ ಮೂರರ ನಡುವೆ ಬೆಳೆದದ್ದು ಮುಂದೆ ತಮಿಳು ಮತ್ತು ಸಿಂಹಳ ಭಾಷೆಗಳನ್ನು ಕಲಿಯುವಾಗ ಅವರಿಗೆ ನೆರವಾಯಿತು.

ಶಿಕ್ಷಣ ಮತ್ತು ಗುರುದೀಕ್ಷೆ

ಹೆಚ್ಚಿನ ವ್ಯಾಸಂಗಕ್ಕಾಗಿ ಅವರು ಗೋವಾ ನಗರಕ್ಕೆ, ಅಂದರೆ ಇಂದಿನ ಹಳೆಯ ಗೋವಾಕ್ಕೆ ತೆರಳಿದರು. ಜೆಸ್ವಿಟರ ಸಂತ ಪೌಲರ ಕಾಲೇಜಿನಲ್ಲಿ ಅಲಂಕಾರಶಾಸ್ತ್ರ ಮತ್ತು ಮಾನವಿಕ ವಿಷಯಗಳನ್ನು, ಡೊಮಿನಿಕನರ ಸಂತ ಥಾಮಸ್ ಅಕ್ವಿನಾಸರ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಮತ್ತು ದೈವಶಾಸ್ತ್ರವನ್ನು ಅಭ್ಯಾಸ ಮಾಡಿದರು. 1676ರಲ್ಲಿ ಗೋವಾದ ಮಹಾಧರ್ಮಾಧ್ಯಕ್ಷ ಅಂತೋನಿಯೊ ಬ್ರಾಂದಾಂವ್ ಅವರಿಂದ ಗುರುದೀಕ್ಷೆ ಪಡೆದರು.

ದೀಕ್ಷೆಯ ನಂತರ ಅವರು ಪಾದರಕ್ಷೆಯನ್ನು ತ್ಯಜಿಸಿದರು. ಅಂದಿನ ಗೋವಾದಲ್ಲಿ ಗುರುಪದವಿಗೆ ಗೌರವವೂ ಅನುಕೂಲವೂ ಇದ್ದವು. ಬಡವರು ನಡೆಯುವಂತೆಯೇ ತಾವೂ ನಡೆಯಬೇಕೆಂದು ಅವರು ನಿಶ್ಚಯಿಸಿದರು. ಸಾಂಕವಾಳದಲ್ಲಿ ಒಂದು ಲ್ಯಾಟಿನ್ ಶಾಲೆಯನ್ನು ತೆರೆದು ಮಕ್ಕಳಿಗೆ ಪಾಠ ಹೇಳಿದರು. 5 ಆಗಸ್ಟ್ 1677ರಂದು, ತಾವು ಮಾತೆ ಮರಿಯಳ ದಾಸರೆಂದು ಘೋಷಿಸುವ ಪತ್ರವೊಂದನ್ನು ಬರೆದು ಸಹಿ ಹಾಕಿದರು. ಮನುಷ್ಯರನ್ನು ಕೊಂಡು ಮಾರುವ ಪದ್ಧತಿಯಿದ್ದ ನಗರದಲ್ಲಿ ಒಬ್ಬ ಗುರುವು ತನ್ನನ್ನು ತಾನೇ ದಾಸನೆಂದು ಕರೆದುಕೊಂಡದ್ದು ಗಮನಾರ್ಹ.

ರಕ್ಷಕನಲ್ಲಿನ ವಿಶ್ವಾಸ

ವಾಜ್ ಅವರ ಜೀವನವನ್ನು ಅರಿಯಲು ಅವರ ನಂಬಿಕೆಯ ಪರಿಚಯ ಅಗತ್ಯ. ಯೇಸು ಎಂಬ ಹೆಸರಿಗೆ ಹೀಬ್ರೂ ಮೂಲದಲ್ಲಿ ದೇವರು ರಕ್ಷಿಸುತ್ತಾನೆ ಎಂಬ ಅರ್ಥವಿದೆ. ಕ್ರಿಸ್ತ ಎಂಬುದು ಅಭಿಷಿಕ್ತ ಎಂಬ ಅರ್ಥದ ಗ್ರೀಕ್ ಪದ. ಕ್ರೈಸ್ತರ ನಂಬಿಕೆಯಂತೆ ದೇವರು ಒಬ್ಬನೇ. ಆದರೆ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳಾಗಿ ಇರುವವನು. ಸುತನಾದ ದೇವರು ಮರಿಯಳ ಮಗನಾಗಿ ಜನಿಸಿ, ದುಡಿದು, ಹಸಿದು, ಅತ್ತು, ಶಿಲುಬೆಯ ಮೇಲೆ ಪ್ರಾಣಬಿಟ್ಟು, ಮೂರನೆಯ ದಿನ ಪುನರುತ್ಥಾನ ಹೊಂದಿದನು. ಇದರಿಂದ ಮನುಷ್ಯನಿಗೆ ಪಾಪದಿಂದಲೂ ಮರಣದಿಂದಲೂ ಬಿಡುಗಡೆ ದೊರೆಯಿತೆಂದು ಅವರು ನಂಬುತ್ತಾರೆ. ಯೇಸು ಪೂರ್ಣವಾಗಿ ದೇವರು ಮತ್ತು ಪೂರ್ಣವಾಗಿ ಮನುಷ್ಯ ಎಂಬ ಬೋಧನೆಯನ್ನು 325ರ ನೈಸೀಯ ಮತ್ತು 451ರ ಕಾಲ್ಸೆಡೋನ್ ಮಹಾಸಭೆಗಳು ಸ್ಪಷ್ಟಪಡಿಸಿದವು.

ಭಾರತೀಯ ಓದುಗರಿಗೆ ಇಲ್ಲಿ ಅವತಾರದ ಕಲ್ಪನೆ ನೆನಪಾಗುವುದು ಸಹಜ. ಆದರೆ ಎರಡರ ನಡುವೆ ವ್ಯತ್ಯಾಸವಿದೆ. ವಿಷ್ಣುವಿನ ಅವತಾರಗಳು ಯುಗಯುಗಗಳಲ್ಲಿ ಅನೇಕವಾಗಿ ನಡೆಯುವಂಥವು. ಕ್ರೈಸ್ತ ಬೋಧನೆಯಲ್ಲಿ ದೇವರು ಮನುಷ್ಯನಾದದ್ದು ಒಂದೇ ಬಾರಿ, ಇತಿಹಾಸದ ಒಂದು ನಿರ್ದಿಷ್ಟ ಕಾಲದಲ್ಲಿ.

ಈ ನಂಬಿಕೆಗೆ ದಿನನಿತ್ಯದ ಬದುಕಿನಲ್ಲಿ ಎರಡು ಪರಿಣಾಮಗಳಿವೆ. ಮೊದಲನೆಯದು, ರಕ್ಷಕನ ಕೃಪೆಯು ಸಂಸ್ಕಾರಗಳ ಮೂಲಕ ಮನುಷ್ಯನನ್ನು ತಲುಪುತ್ತದೆ ಎಂಬ ಕಥೋಲಿಕ ಬೋಧನೆ. ಮಗು ಹುಟ್ಟಿದಾಗ ಜ್ಞಾನಸ್ನಾನ, ತಪ್ಪು ಮಾಡಿದಾಗ ಪಾಪನಿವೇದನೆ, ಬಲಿಪೂಜೆಯಲ್ಲಿ ಪರಮಪ್ರಸಾದ, ಮದುವೆಯ ಆಶೀರ್ವಾದ, ಸಾಯುವ ಮುನ್ನ ಎಣ್ಣೆಯ ಲೇಪನ — ಹೀಗೆ ಹುಟ್ಟಿನಿಂದ ಸಾವಿನವರೆಗೆ ಬದುಕಿನ ಪ್ರತಿಯೊಂದು ತಿರುವಿನಲ್ಲಿಯೂ ವಿಶ್ವಾಸಿಯು ರಕ್ಷಕನನ್ನು ಸಂಧಿಸುತ್ತಾನೆ. ಎರಡನೆಯದು, ಹಸಿದವರು, ರೋಗಿಗಳು, ಸೆರೆಯಲ್ಲಿರುವವರು ಮತ್ತು ಪರದೇಶಿಗಳಿಗೆ ಮಾಡಿದ ಸೇವೆಯನ್ನು ತನಗೇ ಮಾಡಿದ ಸೇವೆಯೆಂದು ಯೇಸು ಪರಿಗಣಿಸುತ್ತಾನೆ ಎಂಬ ಮತ್ತಾಯನ ಶುಭಸಂದೇಶದ ಬೋಧನೆ. ವಾಜ್ ಅವರ ಬದುಕಿನ ಬಹುಪಾಲು ನಿರ್ಧಾರಗಳು ಈ ಎರಡು ಎಳೆಗಳಿಂದಲೇ ಹುಟ್ಟಿದವು.

ಕಾರವಾರ, ಅಂಕೋಲಾ ಮತ್ತು ಅಂದಿನ ಕೆನರಾ

ಗೋವಾದಿಂದ ದಕ್ಷಿಣಕ್ಕೆ ನೆಲದ ದಾರಿ ಹಿಡಿದವರಿಗೆ ಎದುರಾಗುವ ಮೊದಲ ಸೀಮೆ ಇಂದಿನ ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ. ಕಾರವಾರದಲ್ಲಿ ಕಾಳಿ ನದಿ, ಅಂಕೋಲಾದ ದಕ್ಷಿಣಕ್ಕೆ ಗಂಗಾವಳಿ, ಅನಂತರ ಅಘನಾಶಿನಿ ಮತ್ತು ಶರಾವತಿ ನದಿಗಳನ್ನು ದೋಣಿಯಲ್ಲಿ ದಾಟುತ್ತ ಹೊನ್ನಾವರ, ಭಟ್ಕಳ, ಗಂಗೊಳ್ಳಿ, ಬಸ್ರೂರುಗಳ ಮೂಲಕ ಮಂಗಳೂರನ್ನು ತಲುಪಬೇಕಾಗಿತ್ತು.

ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಈ ಕರಾವಳಿಯು ಹಲವು ಶಕ್ತಿಗಳ ಪೈಪೋಟಿಯ ಕಣವಾಗಿತ್ತು. ಕಾರವಾರದ ಬಳಿ ಇಂಗ್ಲಿಷರು 1638ರಲ್ಲಿಯೇ ವ್ಯಾಪಾರದ ಕೋಠಿಯನ್ನು ತೆರೆದಿದ್ದರು. 1675ರಲ್ಲಿ ಶಿವಾಜಿಯ ಸೈನ್ಯವು ಕಾರವಾರ ಮತ್ತು ಅಂಕೋಲಾಗಳನ್ನು ವಶಪಡಿಸಿಕೊಂಡಿತು. ಹೊನ್ನಾವರದಿಂದ ದಕ್ಷಿಣಕ್ಕೆ ಕೆಳದಿಯ ನಾಯಕರ ರಾಜ್ಯ. ಕೆಳದಿಯ ಶಿವಪ್ಪನಾಯಕನು 1650ರ ದಶಕದಲ್ಲಿ ಹೊನ್ನಾವರ, ಬಸ್ರೂರು ಮತ್ತು ಮಂಗಳೂರುಗಳಿಂದ ಪೋರ್ಚುಗೀಸರನ್ನು ಹೊರಹಾಕಿದ್ದನು. ವಾಜ್ ಅವರು ಬರುವ ಹೊತ್ತಿಗೆ ರಾಣಿ ಚೆನ್ನಮ್ಮಾಜಿಯು ರಾಜ್ಯವಾಳುತ್ತಿದ್ದಳು. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದಲ್ಲಿ 1505ರಲ್ಲಿಯೇ ಕೋಟೆ ಕಟ್ಟಿ ಬಿಟ್ಟುಹೋಗಿದ್ದ ಪೋರ್ಚುಗೀಸರು, ಮರಾಠರೊಡನೆ ವೈಮನಸ್ಸು ಬೆಳೆದಾಗ 1682ರಲ್ಲಿ ಅಲ್ಲಿ ಮತ್ತೆ ಕೋಟೆಯನ್ನು ಕಟ್ಟಿದರು.

ಈ ಕರಾವಳಿಯ ಕ್ರೈಸ್ತರಲ್ಲಿ ಹೆಚ್ಚಿನವರು ಗೋವಾದಿಂದ ವಲಸೆ ಬಂದ ಕೊಂಕಣಿ ಭಾಷಿಕರು. ಬರಗಾಲ, ಯುದ್ಧ, ಭಾರವಾದ ತೆರಿಗೆ, 1560ರಲ್ಲಿ ಆರಂಭವಾದ ಧರ್ಮವಿಚಾರಣಾ ನ್ಯಾಯಾಲಯದ ಭಯ ಇವೆಲ್ಲ ವಲಸೆಗೆ ಕಾರಣಗಳಾಗಿದ್ದವು. ಬೇಸಾಯ ಬಲ್ಲ ಈ ವಲಸಿಗರಿಗೆ ಸ್ಥಳೀಯ ಅರಸರು ಆಶ್ರಯವಿತ್ತರು. ಹೊಲಗದ್ದೆಗಳು ದೊರೆತವು, ಆದರೆ ಗುರುಗಳು ದೊರೆಯಲಿಲ್ಲ. ಪೋರ್ಚುಗೀಸರ ಕೋಟೆಗಳು ಬಿದ್ದಾಗ ಅವುಗಳ ಆಸರೆಯಲ್ಲಿದ್ದ ಇಗರ್ಜಿಗಳೂ ಅನಾಥವಾದವು. ಜ್ಞಾನಸ್ನಾನವಿಲ್ಲದೆ ಮಕ್ಕಳು ಬೆಳೆಯುವುದು, ಪಾಪನಿವೇದನೆಯಿಲ್ಲದೆ ಹಿರಿಯರು ಸಾಯುವುದು ಸಾಮಾನ್ಯವಾಯಿತು. ಸಂಸ್ಕಾರಗಳನ್ನೇ ರಕ್ಷಣೆಯ ದಾರಿಯೆಂದು ನಂಬಿದ ಕುಟುಂಬಗಳಿಗೆ ಇದು ಸಣ್ಣ ಕೊರತೆಯಾಗಿರಲಿಲ್ಲ.

ಅಧಿಕಾರದ ವಿವಾದ

ಗುರುಗಳ ಕೊರತೆಯ ಜೊತೆಗೆ ಅಧಿಕಾರದ ವಿವಾದವೂ ಇತ್ತು. ಪೂರ್ವದೇಶಗಳಲ್ಲಿ ಧರ್ಮಾಧ್ಯಕ್ಷರನ್ನು ಸೂಚಿಸುವ ಹಕ್ಕನ್ನೂ ಧರ್ಮಸಭೆಯನ್ನು ಪೋಷಿಸುವ ಹೊಣೆಯನ್ನೂ ಪೋಪರು ಪೋರ್ಚುಗಲ್ಲಿನ ಅರಸನಿಗೆ ವಹಿಸಿದ್ದರು. ಈ ವ್ಯವಸ್ಥೆಗೆ ಪಾದ್ರೊವಾದೊ ಎಂದು ಹೆಸರು. ಪೋರ್ಚುಗೀಸರ ಶಕ್ತಿ ಕುಗ್ಗಿದಂತೆ, ರೋಮಿನಲ್ಲಿ 1622ರಲ್ಲಿ ಸ್ಥಾಪನೆಯಾದ ಪ್ರೊಪಗಾಂಡಾ ಫಿದೆ ಎಂಬ ಧರ್ಮಪ್ರಸಾರ ಮಂಡಳಿಯು ತನ್ನದೇ ಪ್ರತಿನಿಧಿಗಳನ್ನು ನೇಮಿಸತೊಡಗಿತು. ಗೋವಾದ ದಿವಾಡಿ ದ್ವೀಪದವರಾದ ಥಾಮಸ್ ದೆ ಕಾಸ್ತ್ರೊ ಎಂಬ ಧರ್ಮಾಧ್ಯಕ್ಷರನ್ನು ಅದು ಕೆನರಾಕ್ಕೆ ಕಳುಹಿಸಿತು. ರಾಣಿ ಚೆನ್ನಮ್ಮಾಜಿಯು ನೀಡಿದ ಭೂಮಿಯಲ್ಲಿ ಅವರು 1680ರಲ್ಲಿ ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಕಟ್ಟಿಸಿದರು. ಆದರೆ ಗೋವಾದ ಅಧಿಕಾರಿಗಳು ಕಾಸ್ತ್ರೊ ಅವರ ಅಧಿಕಾರವನ್ನು ಮನ್ನಿಸಲಿಲ್ಲ.

ಹೀಗಾಗಿ ಒಂದು ಪಕ್ಷದ ಗುರುಗಳು ನೀಡಿದ ಸಂಸ್ಕಾರವು ಸಿಂಧುವಲ್ಲವೆಂದು ಮತ್ತೊಂದು ಪಕ್ಷ ಸಾರುವ ಪರಿಸ್ಥಿತಿ ಉಂಟಾಯಿತು. ತನ್ನ ಮದುವೆ ಮದುವೆಯೇ, ತನ್ನ ಪಾಪಕ್ಕೆ ಕ್ಷಮೆ ದೊರೆತಿದೆಯೇ ಎಂಬ ಸಂಶಯದಲ್ಲಿ ಸಾಮಾನ್ಯ ರೈತನು ಬದುಕಬೇಕಾಯಿತು. ರೋಮಿಗೂ ಲಿಸ್ಬನ್ನಿಗೂ ನಡುವಣ ಜಗಳದ ಭಾರವು ಕರಾವಳಿಯ ಗುಡಿಸಲುಗಳ ಮೇಲೆ ಬಿದ್ದಿತು.

ಕೆನರಾದಲ್ಲಿ ಸೇವೆ (1681–1684)

ವಾಜ್ ಅವರು ಮೊದಲಿಗೆ ಬಯಸಿದ್ದು ಶ್ರೀಲಂಕಾಕ್ಕೆ ಹೋಗಲು. ಅಲ್ಲಿನ ಕಥೋಲಿಕರಿಗೆ ಗುರುಗಳಿಲ್ಲ ಎಂಬ ಸುದ್ದಿ ಗೋವಾವನ್ನು ತಲುಪಿತ್ತು. ಆದರೆ ಅಧಿಕಾರಿಗಳು 1681ರಲ್ಲಿ ಅವರನ್ನು ಕೆನರಾದ ಮುಖ್ಯಸ್ಥರನ್ನಾಗಿ ನೇಮಿಸಿದರು. ಮೇಲಿನವರ ಆಜ್ಞೆಗೆ ತಲೆಬಾಗಿ ಅವರು ಕೆನರಾಕ್ಕೆ ಬಂದರು.

ಗೋವಾದ ಪ್ರತಿನಿಧಿಯಾಗಿ ಬಂದ ಅವರಿಂದ ನಿರೀಕ್ಷಿಸಲಾಗಿದ್ದುದು ಪಾದ್ರೊವಾದೊ ಪಕ್ಷದ ಸಮರ್ಥನೆ. ವಾಜ್ ಅವರು ಕಾಸ್ತ್ರೊ ಅವರನ್ನು ಎದುರಾಳಿಯೆಂದು ಕಾಣದೆ ಭೇಟಿಯಾಗಿ ಮಾತನಾಡಿದರು. ಯಾರ ಹಕ್ಕು ದೊಡ್ಡದೆಂಬ ಪ್ರಶ್ನೆ ಮೇಲಿನವರ ಮಟ್ಟದಲ್ಲಿ ತೀರ್ಮಾನವಾಗುವವರೆಗೆ ಜನರಿಗೆ ಸಂಸ್ಕಾರಗಳು ತಪ್ಪಬಾರದು ಎಂಬುದು ಅವರ ನಿಲುವಾಗಿತ್ತು. ವಿವಾದವು ಅವರ ಕಾಲದಲ್ಲಿ ಕೊನೆಗಾಣಲಿಲ್ಲ. ಅದು ಮುಂದೆಯೂ ಬಹುಕಾಲ ಕರಾವಳಿಯ ಧರ್ಮಸಭೆಯನ್ನು ಕಾಡಿತು. ಆದರೂ ಅಧಿಕಾರಕ್ಕಿಂತ ಜನರ ಅಗತ್ಯವನ್ನು ಮುಂದಿಟ್ಟ ಈ ನಡೆಯು ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆ.

ಮೂರು ವರ್ಷಗಳ ಕಾಲ ಅವರು ಮಂಗಳೂರು, ಮೂಲ್ಕಿ, ಕಲ್ಯಾಣಪುರ, ಬಾರ್ಕೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿ ಮುಂತಾದ ಊರುಗಳಲ್ಲಿ ಸಂಚರಿಸಿದರು. ಪಾಳುಬಿದ್ದ ಪ್ರಾರ್ಥನಾಲಯಗಳನ್ನು ದುರಸ್ತಿ ಮಾಡಿಸಿದರು. ಮಕ್ಕಳಿಗಾಗಿ ಶಾಲೆಗಳನ್ನು ತೆರೆದರು. ಗುರುಗಳು ಇಲ್ಲದ ದಿನಗಳಲ್ಲಿಯೂ ಪ್ರಾರ್ಥನೆ ನಿಲ್ಲದಿರಲೆಂದು ಗೃಹಸ್ಥರ ಭಕ್ತಸಂಘಗಳನ್ನು ಕಟ್ಟಿದರು. ಇಂತಹ ಸಂಘಗಳ ಸದಸ್ಯರು ಒಟ್ಟಾಗಿ ಜಪಸರ ಹೇಳುವುದು, ರೋಗಿಗಳನ್ನು ನೋಡಿಕೊಳ್ಳುವುದು, ಸತ್ತವರ ಅಂತ್ಯಕ್ರಿಯೆಗೆ ನೆರವಾಗುವುದು ರೂಢಿ. ರಕ್ಷಕನಲ್ಲಿನ ನಂಬಿಕೆಯು ಗುರುವೊಬ್ಬನ ವೃತ್ತಿಯಾಗಿ ಉಳಿಯದೆ ನೆರೆಹೊರೆಯವರ ಪರಸ್ಪರ ಹೊಣೆಯಾಗಿ ಬೆಳೆಯಲು ಇದು ದಾರಿಯಾಯಿತು.

ಈ ಕಾಲಕ್ಕೆ ಸಂಬಂಧಿಸಿದ ಕೆಲವು ಐತಿಹ್ಯಗಳು ಕರಾವಳಿಯಲ್ಲಿ ಪ್ರಚಲಿತವಾಗಿವೆ. ಕುಂದಾಪುರದ ಇಗರ್ಜಿಯಲ್ಲಿ ಪ್ರಾರ್ಥನೆಯಲ್ಲಿ ಮೈಮರೆತಿದ್ದಾಗ ಅವರ ದೇಹವು ನೆಲದಿಂದ ಮೇಲೆದ್ದುದನ್ನು ಜನ ಕಂಡರೆಂದು ಹೇಳಲಾಗುತ್ತದೆ. ಮಂಗಳೂರಿನ ಸಮೀಪದ ಮುಡಿಪು ಗುಡ್ಡದಲ್ಲಿ ಅವರು ಊರುಗೋಲನ್ನು ಊರಿದಲ್ಲಿ ನೀರಿನ ಚಿಲುಮೆ ಹುಟ್ಟಿತೆಂಬ ಕಥೆಯಿದೆ. ಮುಡಿಪು ಇಂದು ಅವರ ಹೆಸರಿನ ಯಾತ್ರಾಸ್ಥಳವಾಗಿದ್ದು, ಬೇರೆ ಧರ್ಮದವರೂ ಅಲ್ಲಿಗೆ ಬರುತ್ತಾರೆ.

ಒರೆಟೋರಿಯನ್ ಸಂಘ

1683ರ ಕೊನೆಯಲ್ಲಿ ಸಂಭಾಜಿಯ ಸೈನ್ಯವು ಗೋವಾದ ಮೇಲೆ ದಂಡೆತ್ತಿ ಬಂದಿತು. ಅದರ ಮರುವರ್ಷ ವಾಜ್ ಅವರು ಗೋವಾಕ್ಕೆ ಮರಳಿದರು. ಅಲ್ಲಿ ಹಳೆಯ ಗೋವಾದ ಪವಾಡಗಳ ಪವಿತ್ರ ಶಿಲುಬೆಯ ಇಗರ್ಜಿಯಲ್ಲಿ ಕೆಲವು ಗೋವನ್ ಗುರುಗಳು ಒಟ್ಟಾಗಿ ಬಾಳತೊಡಗಿದ್ದರು. ಅಂದಿನ ಯೂರೋಪಿಯನ್ ಸನ್ಯಾಸಿ ಸಂಘಗಳು ಭಾರತೀಯರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಿರಲಿಲ್ಲ. 1685ರಲ್ಲಿ ಈ ಗುಂಪನ್ನು ಸೇರಿದ ವಾಜ್ ಅವರು ಅದರ ಮುಖ್ಯಸ್ಥರಾಗಿ ಆಯ್ಕೆಯಾದರು. ರೋಮಿನ ಸಂತ ಫಿಲಿಪ್ ನೇರಿಯವರ ಒರೆಟರಿ ಸಂಘದ ಮಾದರಿಯಲ್ಲಿ ಅವರು ಇದನ್ನು ರೂಪಿಸಿದರು. ಏಷ್ಯಾದಲ್ಲಿ ಸ್ಥಳೀಯ ಗುರುಗಳೇ ಕಟ್ಟಿ ನಡೆಸಿದ ಮೊದಲ ಸಂಘಗಳಲ್ಲಿ ಇದು ಒಂದು.

ಯೂರೋಪಿಯನ್ನರ ತಾರತಮ್ಯಕ್ಕೆ ಉತ್ತರವಾಗಿ ಹುಟ್ಟಿದ ಈ ಸಂಘವೂ ಜಾತಿಯ ಗೋಡೆಯನ್ನು ದಾಟಲಿಲ್ಲ. ಬ್ರಾಹ್ಮಣ ಮೂಲದ ಗುರುಗಳಿಗೆ ಮಾತ್ರ ಅಲ್ಲಿ ಪ್ರವೇಶವಿದ್ದುದನ್ನು ಇತಿಹಾಸಕಾರರು ಗುರುತಿಸಿದ್ದಾರೆ. ಎಲ್ಲರ ರಕ್ಷಕನೆಂದು ನಂಬಿದವನ ಹೆಸರಿನಲ್ಲಿ ನಿಂತ ಸಂಸ್ಥೆಯಲ್ಲಿ ಈ ವಿರೋಧಾಭಾಸವಿತ್ತು.

ಶ್ರೀಲಂಕಾಕ್ಕೆ ಪ್ರಯಾಣ

1686ರಲ್ಲಿ ವಾಜ್ ಅವರು ಸಂಘದ ಮುಖ್ಯಸ್ಥನ ಸ್ಥಾನವನ್ನು ಬಿಟ್ಟು, ಸಂಗಡಿಗರು ಹಾಗೂ ಜಾನ್ ಎಂಬ ಸೇವಕನೊಡನೆ ದಕ್ಷಿಣಕ್ಕೆ ಹೊರಟರು. ಕೆನರಾದಲ್ಲಿ ಕೆಲಕಾಲ ತಂಗಿದರು. ಮುಂದೆ ಕೇರಳದ ಕೊಲ್ಲಂ ಮಾರ್ಗವಾಗಿ ಸಾಗಿ, 1687ರಲ್ಲಿ ತೂತುಕುಡಿಯನ್ನು ಮುಟ್ಟಿದರು.

ಡಚ್ ಈಸ್ಟ್ ಇಂಡಿಯಾ ಕಂಪನಿಯು 1656ರಲ್ಲಿ ಕೊಲಂಬೊವನ್ನೂ 1658ರಲ್ಲಿ ಜಾಫ್ನಾವನ್ನೂ ಪೋರ್ಚುಗೀಸರಿಂದ ಗೆದ್ದುಕೊಂಡಿತ್ತು. ಪ್ರೊಟೆಸ್ಟಂಟರಾದ ಡಚ್ಚರು ಕಥೋಲಿಕ ಗುರುಗಳನ್ನು ಪೋರ್ಚುಗೀಸರ ಗೂಢಚಾರರೆಂದು ಬಗೆದು ನಿಷೇಧಿಸಿದ್ದರು. ಆದುದರಿಂದ ವಾಜ್ ಅವರು ಗುರುವಸ್ತ್ರವನ್ನು ಬಿಟ್ಟು, ಭಿಕ್ಷುಕನ ವೇಷದಲ್ಲಿ ಜಾನ್‌ನೊಡನೆ ದ್ವೀಪವನ್ನು ಹೊಕ್ಕರು. ಪ್ರಯಾಣದ ಕಷ್ಟದಿಂದ ಬಂದ ತೀವ್ರ ಅತಿಸಾರದಿಂದ ಜಾಫ್ನಾದಲ್ಲಿ ಸಾವಿನ ಅಂಚನ್ನು ಕಂಡರು.

ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರವನ್ನು ಧರಿಸಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಗುರುತಿಸಿ ಆಸಕ್ತಿ ತೋರಿದವರು ಕಥೋಲಿಕರೆಂದು ತಿಳಿಯಲು ಇದೊಂದು ಉಪಾಯವಾಗಿತ್ತು. ಬಳಿಕ ಜಾಫ್ನಾದ ಸಮೀಪದ ಸಿಲ್ಲಾಲೈ ಎಂಬ ಹಳ್ಳಿಯನ್ನು ನೆಲೆಯಾಗಿಸಿಕೊಂಡು ರಾತ್ರಿಯ ವೇಳೆ ಸಂಸ್ಕಾರಗಳನ್ನು ನೀಡಿದರು. ಡಚ್ಚರ ಬೇಟೆ ತೀವ್ರವಾದಾಗ ಅವರಿಗೆ ಆಶ್ರಯವಿತ್ತ ಗೃಹಸ್ಥರು ಸೆರೆಮನೆ ಸೇರಿದರು. ಕೆಲವರು ಪ್ರಾಣವನ್ನೂ ತೆತ್ತರು. ವಾಜ್ ಅವರು ಅಲ್ಲಿಂದ ಪುತ್ತಳಂಗೆ ಸರಿದು, ಡಚ್ಚರ ಅಧೀನದಲ್ಲಿಲ್ಲದ ಕ್ಯಾಂಡಿ ರಾಜ್ಯದತ್ತ ಹೊರಟರು.

ಕ್ಯಾಂಡಿಯಲ್ಲಿ

1692ರಲ್ಲಿ ಕ್ಯಾಂಡಿಗೆ ಬಂದೊಡನೆ, ಅವರು ಪೋರ್ಚುಗೀಸರ ಗೂಢಚಾರರೆಂಬ ದೂರು ಅರಮನೆಗೆ ಮುಟ್ಟಿತು. ಅರಸ ಎರಡನೆಯ ವಿಮಲಧರ್ಮಸೂರ್ಯನು ಅವರನ್ನು ಸೆರೆಯಲ್ಲಿರಿಸಿದನು. ಸೆರೆಯ ದಿನಗಳಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲವಾದಂತೆ ಗುಡಿಸಲೊಂದನ್ನು ಕಟ್ಟಿ ಬಲಿಪೂಜೆಯನ್ನು ಆರಂಭಿಸಿದರು. ಕ್ರಮೇಣ ಊರಿನೊಳಗೆ ಸಂಚರಿಸುವ ಅನುಮತಿ ದೊರೆಯಿತು.

1693ರಲ್ಲಿ ಬರಗಾಲ ಬಂದಾಗ ಅರಸನು ಮಳೆಗಾಗಿ ಪ್ರಾರ್ಥಿಸುವಂತೆ ಅವರನ್ನೂ ಕೇಳಿಕೊಂಡನೆಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಅವರು ಬಯಲಿನಲ್ಲಿ ಶಿಲುಬೆಯನ್ನಿಟ್ಟು ಪ್ರಾರ್ಥಿಸಿದಾಗ ಮಳೆ ಸುರಿಯಿತೆಂಬುದು ಭಕ್ತರ ನಂಬಿಕೆ. ಅಂದಿನಿಂದ ಅವರಿಗೆ ಬೌದ್ಧ ಅರಸನ ರಕ್ಷಣೆ ದೊರೆಯಿತು. 1696ರಲ್ಲಿ ಗೋವಾದ ಒರೆಟರಿಯಿಂದ ಜೋಸೆಫ್ ದೆ ಮೆನೇಜಸ್ ಮತ್ತು ಜೋಸೆಫ್ ಕರ್ವಾಲ್ಹೊ ಎಂಬ ಗುರುಗಳು ನೆರವಿಗೆ ಬಂದರು.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಜನರು ಊರು ಬಿಟ್ಟರು. ಸೋಂಕಿನ ಭಯದಿಂದ ಮನೆಯವರೇ ರೋಗಿಗಳನ್ನು ಕಾಡಿನಂಚಿಗೆ ಬಿಡುವ ಸ್ಥಿತಿ ಬಂದಿತು. ವಾಜ್ ಮತ್ತು ಕರ್ವಾಲ್ಹೊ ಅವರು ಊರಿನಲ್ಲಿಯೇ ಉಳಿದರು. ರೋಗಿಗಳಿಗೆ ಗುಡಿಸಲುಗಳನ್ನು ಕಟ್ಟಿ, ಅನ್ನ ನೀರು ಕೊಟ್ಟು, ಹುಣ್ಣುಗಳನ್ನು ತೊಳೆದು, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವರೆಂಬ ಭೇದವನ್ನು ಎಣಿಸಲಿಲ್ಲ. ನರಳುವ ಮನುಷ್ಯನಲ್ಲಿ ರಕ್ಷಕನನ್ನು ಕಾಣಬೇಕೆಂಬ ಬೋಧನೆಯು ಇಲ್ಲಿ ದಿನದಿನದ ಕೆಲಸವಾಯಿತು. ಈ ಸೇವೆಯನ್ನು ಕಂಡ ಅರಸನು ಅವರಿಗೆ ರಾಜ್ಯದಲ್ಲಿ ಧರ್ಮಕಾರ್ಯ ನಡೆಸಲು ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟನು.

ಕೊಚ್ಚಿಯ ಧರ್ಮಾಧ್ಯಕ್ಷರು ಅವರನ್ನು ದ್ವೀಪಕ್ಕೆ ತಮ್ಮ ವಿಕಾರ್ ಜನರಲ್ ಆಗಿ ನೇಮಿಸಿದರು. ಧರ್ಮಾಧ್ಯಕ್ಷ ಪದವಿಯ ಸೂಚನೆ ಬಂದಾಗ ಅವರು ಒಪ್ಪಲಿಲ್ಲ. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವೆಸ್ ಎಂಬ ಗುರುಗಳು ಸಿಂಹಳ ಮತ್ತು ತಮಿಳಿನಲ್ಲಿ ಕ್ರೈಸ್ತ ಸಾಹಿತ್ಯವನ್ನು ರಚಿಸಿ ಪ್ರಸಿದ್ಧರಾದರು. ಹೀಗೆ ದ್ವೀಪದ ಧರ್ಮಸಭೆಯು ಪೋರ್ಚುಗೀಸ್ ಕೋಟೆಯ ನೆರಳನ್ನು ಬಿಟ್ಟು ಜನರ ಭಾಷೆಯಲ್ಲಿ ಬೇರೂರಿತು.

ಮರಣ

ಕಾಲ್ನಡಿಗೆಯ ಪ್ರವಾಸಗಳಿಂದ ಬಳಲಿದ ವಾಜ್ ಅವರು 1710ರಲ್ಲಿ ಕಾಯಿಲೆ ಬಿದ್ದರು. 16 ಜನವರಿ 1711ರ ಮಧ್ಯರಾತ್ರಿ ಕ್ಯಾಂಡಿಯಲ್ಲಿ, ತಮ್ಮ 59ನೆಯ ವಯಸ್ಸಿನಲ್ಲಿ ಮರಣ ಹೊಂದಿದರು. ಶ್ರೀಲಂಕಾಕ್ಕೆ ಬಂದ ಮೇಲೆ ಅವರು ಗೋವಾವನ್ನು ಮತ್ತೆ ಕಾಣಲಿಲ್ಲ. ಅವರನ್ನು ಕ್ಯಾಂಡಿಯಲ್ಲಿಯೇ ಸಮಾಧಿ ಮಾಡಲಾಯಿತು.

ಸಂತ ಪದವಿ

ಪೋಪ್ ಎರಡನೆಯ ಜಾನ್ ಪೌಲರು 21 ಜನವರಿ 1995ರಂದು ಕೊಲಂಬೊದಲ್ಲಿ ವಾಜ್ ಅವರನ್ನು ಪುನೀತರೆಂದು ಘೋಷಿಸಿದರು. 2000ದಲ್ಲಿ ಅವರನ್ನು ಗೋವಾ ಮತ್ತು ದಮನ್ ಮಹಾಧರ್ಮಕ್ಷೇತ್ರದ ಪಾಲಕರೆಂದು ಸಾರಲಾಯಿತು. ಸಂತ ಪದವಿಗೆ ಸಾಮಾನ್ಯವಾಗಿ ಅಗತ್ಯವಾದ ಎರಡನೆಯ ಪವಾಡದ ನಿಯಮವನ್ನು ಸಡಿಲಿಸಿ, ಪೋಪ್ ಫ್ರಾನ್ಸಿಸರು 14 ಜನವರಿ 2015ರಂದು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ಅವರನ್ನು ಸಂತರ ಸಾಲಿಗೆ ಸೇರಿಸಿದರು. ಅವರ ಹಬ್ಬವನ್ನು ಪ್ರತಿವರ್ಷ ಜನವರಿ 16ರಂದು ಆಚರಿಸಲಾಗುತ್ತದೆ.

ಕರಾವಳಿಯ ಇಂದಿನ ಬದುಕಿನಲ್ಲಿ

ಉತ್ತರ ಕನ್ನಡ ಜಿಲ್ಲೆಯ ಕಥೋಲಿಕರಿಗಾಗಿ, ಬೆಳಗಾವಿ ಧರ್ಮಕ್ಷೇತ್ರವನ್ನು ವಿಭಜಿಸಿ 1976ರಲ್ಲಿ ಕಾರವಾರ ಧರ್ಮಕ್ಷೇತ್ರವನ್ನು ರಚಿಸಲಾಯಿತು. ಮೂರು ಶತಮಾನಗಳ ಹಿಂದೆ ಗುರುಗಳು ಅಪರೂಪವಾಗಿದ್ದ ಸೀಮೆಗೆ ಈಗ ತನ್ನದೇ ಧರ್ಮಾಧ್ಯಕ್ಷರಿದ್ದಾರೆ. ಕೊಂಕಣಿ ಮತ್ತು ಕನ್ನಡಗಳೆರಡೂ ಇಲ್ಲಿನ ಪ್ರಾರ್ಥನೆಯ ಭಾಷೆಗಳು.

ಕರಾವಳಿಯ ಕಥೋಲಿಕ ಮನೆಗಳಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಕುಳಿತು ಜಪಸರ ಹೇಳುವ ರೂಢಿಯಿದೆ. ಪ್ರಾರ್ಥನೆ ಮುಗಿದೊಡನೆ ಕಿರಿಯರು ಹಿರಿಯರ ಆಶೀರ್ವಾದ ಕೇಳುತ್ತಾರೆ. ದಾರಿಯ ಬದಿಯ ಶಿಲುಬೆಗೆ ಹೂ ಏರಿಸಿ ಮೇಣದ ಬತ್ತಿ ಹಚ್ಚುತ್ತಾರೆ. ಕ್ರಿಸ್ಮಸ್ ಕಾಲದಲ್ಲಿ ಮಕ್ಕಳು ಹುಲ್ಲು ಹಾಸಿ ಗೋದಲಿ ಕಟ್ಟುತ್ತಾರೆ. ನೆರೆಮನೆಗಳಿಗೆ ತಿಂಡಿಯ ತಟ್ಟೆ ಹೋಗುತ್ತದೆ. ಶುಭ ಶುಕ್ರವಾರದಂದು ಉಪವಾಸವಿದ್ದು ಶಿಲುಬೆಯ ಹಾದಿಯ ಪ್ರಾರ್ಥನೆ ಮಾಡುತ್ತಾರೆ. ಊರಿನಲ್ಲಿ ಸಾವಾದರೆ ನೆರೆಯವರು ಕೂಡಿ ಪ್ರಾರ್ಥನೆ ಹೇಳಿ, ಶವವನ್ನು ಹೊತ್ತು, ಮಣ್ಣು ಹಾಕಿ ಬರುತ್ತಾರೆ. ದೇವರು ದನದ ಕೊಟ್ಟಿಗೆಯಲ್ಲಿ ಹುಟ್ಟಿ, ಅಪರಾಧಿಯಂತೆ ಸತ್ತು, ಮನುಷ್ಯನ ದುಃಖದಲ್ಲಿ ಪಾಲು ಪಡೆದನೆಂಬ ನಂಬಿಕೆಯು ಇಂತಹ ಸಣ್ಣ ಆಚರಣೆಗಳಲ್ಲಿ ಉಳಿದುಬಂದಿದೆ.

ಜೋಸೆಫ್ ವಾಜ್ ಅವರ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಕಾಣಬೇಕು. ಅವರು ಸೇನೆಯ ಬೆಂಬಲವಿಲ್ಲದೆ, ಪರಧರ್ಮದ ಅರಸರ ಆಶ್ರಯದಲ್ಲಿ, ಜನರ ಭಾಷೆಯನ್ನು ಕಲಿತು ಕೆಲಸ ಮಾಡಿದರು. ಕೆನರಾದಲ್ಲಿ ಅಧಿಕಾರದ ಜಗಳದ ನಡುವೆ ಸಾಮಾನ್ಯನ ಸಂಸ್ಕಾರವನ್ನು ಕಾಪಾಡಲು ಯತ್ನಿಸಿದ ಗುರುವೇ ಮುಂದೆ ಕ್ಯಾಂಡಿಯಲ್ಲಿ ಸಿಡುಬು ರೋಗಿಗಳ ಬಳಿ ಉಳಿದರು. ರಕ್ಷಕನೊಬ್ಬನನ್ನು ನಂಬುವವನು ಇನ್ನೊಬ್ಬನ ಕಷ್ಟದಿಂದ ದೂರ ಸರಿಯಲಾರನೆಂಬುದಕ್ಕೆ ಅವರ ಜೀವನವು ನಿದರ್ಶನವಾಗಿದೆ.